ದೀಕ್ಷಾ ಪಾಠಗಳು: ತೋರಿಸುತ್ತವೆ, ನೋಡುವುದಿಲ್ಲ

ಸರ್ಕಾರಿ ಪಠ್ಯಪುಸ್ತಕಗಳಲ್ಲಿ ಈಗ ಕ್ಯೂಆರ್ ಕೋಡ್ ಅಚ್ಚಾಗಿರುತ್ತದೆ. ಫೋನ್ ಹಿಡಿದರೆ ‘ದೀಕ್ಷಾ’ ತೆರೆದುಕೊಂಡು ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ಸಿಗುತ್ತವೆ. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿ ಕುಳಿತು ಅಳೆದರೆ ಸಾಲದು. ಕಬ್ಬು, ಮಗ್ಗ, ಹಿನ್ನೀರುಗಳ ನಡುವೆ ಮಕ್ಕಳು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಅದು ಎಷ್ಟು ದಕ್ಕುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಪಾಠಗಳು ಉಚಿತ, ಕನ್ನಡದಲ್ಲಿವೆ, ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತವೆ. ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಹೃದಯದ ಕವಾಟ ತೆರೆದು ಮುಚ್ಚುವುದನ್ನು ಕಪ್ಪುಹಲಗೆಯ ಚಿತ್ರಕ್ಕಿಂತ ವಿಡಿಯೊ ಚೆನ್ನಾಗಿ ತೋರಿಸುತ್ತದೆ. ತರಗತಿಯಲ್ಲಿ ಮತ್ತೊಮ್ಮೆ ಕೇಳಲು ನಾಚುವ ಮಗು ಇಲ್ಲಿ ಹತ್ತು ಸಲ ಹಿಂದಕ್ಕೆ ಹೋಗಿ ಕೇಳಬಹುದು.

ಆದರೆ ಕಲಿಸುವ ಕೆಲಸದ ಅರ್ಧ ಭಾಗವಷ್ಟೇ ಇದು. 1/2ಕ್ಕೆ 1/3 ಕೂಡಿಸು ಎಂದರೆ ಅನೇಕ ಮಕ್ಕಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ 2/5 ಎಂದು ಬರೆಯುತ್ತಾರೆ. ಫೋನು ತಪ್ಪೆಂದು ಹೇಳಿ ಮುಂದಕ್ಕೆ ಹೋಗುತ್ತದೆ. ನೋಟುಬುಕ್ಕು ನೋಡಿದ ಅಕ್ಕಾರು (ಶಿಕ್ಷಕಿ) ಮಾತ್ರ, ‘ಅರ್ಧ ರೊಟ್ಟಿಗಿ ಮತ್ತಷ್ಟು ಹಾಕಿದ್ರ ಅರ್ಧಕ್ಕಿಂತ ಕಡಿಮಿ ಆಗತೈತೇನು?’ ಎಂದು ಕೇಳಬಲ್ಲರು. ಆ ಒಂದು ಪ್ರಶ್ನೆಯಿಂದ ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ.

ಫೋನು ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯೂ ಇದೆ. ಅಪ್ಪ ಕಬ್ಬಿನ ಹೊಲಕ್ಕೆ ಹೊರಟರೆ ಮನೆಯ ಫೋನೂ ಹೊರಡುತ್ತದೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಫೋನ್ ಉಳಿದರೂ ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಾಠ ಕೇಳಿಸಬೇಕಲ್ಲ? ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರನ್ನು ಕುರಿತು 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿ ಇನ್ನೊಂದು ಸಂಗತಿ ಹೇಳುತ್ತದೆ: ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಸಾಧನ ಕೊಟ್ಟ ಮಾತ್ರಕ್ಕೆ ಓದಿನ ಅಭ್ಯಾಸ ಬಂದುಬಿಡುವುದಿಲ್ಲ.

ಇದು ಕೊರೊನಾ ಕಾಲದಲ್ಲೇ ತಿಳಿದಿತ್ತು. 2020ರ ಜುಲೈನಲ್ಲಿ ಚಂದನ ವಾಹಿನಿ ಪಾಠ ಬಿತ್ತರಿಸತೊಡಗಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಫೋನೇ ಇಲ್ಲದವರು, ಸಾದಾ ಫೋನಿನವರು, ಇಂಟರ್‌ನೆಟ್ ಇರುವವರು ಎಂದು ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಾಗಿ ವಿಂಗಡಿಸಿ, ಶಿಕ್ಷಕರೇ ಗುಡಿಯ ಕಟ್ಟೆಗೂ ಮರದ ನೆರಳಿಗೂ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು ಜನವರಿಯಲ್ಲಿ ಮತ್ತೆ ಶುರುವಾದ ಈ ಯೋಜನೆಯಲ್ಲಿ ಕೊರತೆಗಳಿದ್ದವು. ಆದರೂ ಮಗು ಇರುವ ಕಡೆಗೆ ಶಿಕ್ಷಕ ಹೋಗಬೇಕೆಂಬ ಅದರ ತಿಳಿವಳಿಕೆ ಸರಿಯಾಗಿತ್ತು. ದೀಕ್ಷಾದಲ್ಲಿ ಇಲ್ಲದಿರುವುದು ಅದೇ.

ಇನ್ನೊಂದು ಕೊರತೆ ವಸ್ತುವಿನದು. ಪಾಠಗಳು ಇಡೀ ರಾಜ್ಯಕ್ಕೆ ಒಂದೇ ಅಚ್ಚಿನವು. ರನ್ನನ ಪಾಠವನ್ನು ಅವನ ಹುಟ್ಟೂರಾದ ಮುಧೋಳದಲ್ಲೇ ಚಿತ್ರಿಸಬಾರದೇ? ಕೃಷ್ಣೆ, ಘಟಪ್ರಭೆ ಕೂಡುವ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮ ಭೂಗೋಳದ ಪಾಠವಾಗದೇ? ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ, ಶ್ರಮ ಹಾಕಿ 1989ರಲ್ಲಿ ಮುಗಿಸಿದ ಚಿಕ್ಕಪಡಸಲಗಿಯ ಬ್ಯಾರೇಜು ಜಮಖಂಡಿಯ ಮಗುವಿಗೆ ಪೌರನೀತಿಯನ್ನೂ ಗಣಿತವನ್ನೂ ಒಟ್ಟಿಗೇ ಕಲಿಸಬಲ್ಲದು. ಇಂಥ ಪಾಠ ಮಾಡಬಲ್ಲ ಶಿಕ್ಷಕರು ಈ ಭಾಗದಲ್ಲೇ ಇದ್ದಾರೆ. ಇಲ್ಲದಿರುವುದು ಅವರಿಗೆ ಬಿಡುವು. ಹಾಜರಾತಿ, ಬಿಸಿಯೂಟ, ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ಎಂದು ಮಾಹಿತಿ ತುಂಬುವುದರಲ್ಲೇ ಅವರ ಡಿಜಿಟಲ್ ಯುಗ ಕಳೆಯುತ್ತಿದೆ.

ದೀಕ್ಷಾ ಮಗುವಿಗೆ ಗುರುವಾಗಲಾರದು, ಗುರುವಿನ ಕೈಗೆ ಮಾತ್ರ ಒಳ್ಳೆಯ ಸಾಧನ. ಇಲಾಖೆ ಶಿಕ್ಷಕರ ಮಾಹಿತಿ ತುಂಬುವ ಹೊರೆ ಇಳಿಸಲಿ, ಪ್ರತಿ ತಾಲ್ಲೂಕಿನಿಂದ ವರ್ಷಕ್ಕೆ ಕೆಲವಾದರೂ ಸ್ಥಳೀಯ ಪಾಠ ಮಾಡಿಸಲಿ, ಅವನ್ನು ತರಗತಿಯಲ್ಲಿ ಶಿಕ್ಷಕರ ಎದುರಿಗೇ ತೋರಿಸಲಿ. ಅಷ್ಟಾಗುವವರೆಗೆ ಪುಸ್ತಕದಲ್ಲಿ ಕೋಡ್ ಅಚ್ಚಾದ ಮಾತ್ರಕ್ಕೆ ಕಲಿಕೆ ಡಿಜಿಟಲ್ ಆಯಿತೆಂದು ಲೆಕ್ಕ ಬರೆಯುವುದು ಬೇಡ.