ಕೆರೆಯ ಕೊಳೆ ಎಷ್ಟು ಕಿಲೋ?

2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ, ನೀರು ಹೊತ್ತಿ ಉರಿಯುವುದು ಹೇಗೆಂದು ಊರೆಲ್ಲ ಕೇಳಿತು. ಕೆರೆಯಲ್ಲಿರುವ ಕೊಳೆ ಎಷ್ಟು ಕಿಲೋ ಎಂದು ಕೇಳಿದವರು ಕಡಿಮೆ. ನೀರಿನ ವರದಿಗಳು ಸಾಮಾನ್ಯವಾಗಿ ಹೇಳುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಮಳೆ ಸುರಿದು ನೀರು ಇಮ್ಮಡಿಯಾದರೆ ಆ ಅಂಕಿ ಅರ್ಧಕ್ಕಿಳಿಯುತ್ತದೆ. ಕೊಳೆ ಮಾತ್ರ ಇದ್ದಷ್ಟೇ ಇರುತ್ತದೆ, ಚರಂಡಿಯಿಂದ ಕೊಚ್ಚಿ ಬಂದದ್ದು ಬೇರೆ. ಹಾಗಾಗಿ ಅಂಕಿಯನ್ನು ತೂಕಕ್ಕೆ ತಂದು ಹೇಳುವ ಪದ್ಧತಿ ನನಗೆ ಇಷ್ಟ. ಆದರೆ ಅದರಲ್ಲಿ ಮೋಸಹೋಗಲು ಜಾಗ ಬಹಳ.

ಲೆಕ್ಕವೇನೋ ಸುಲಭ. ಕೆರೆ ಸುಮಾರು 900 ಎಕರೆ. ಎಕರೆಗೆ 4,047 ಚದರ ಮೀಟರಿನಂತೆ 36.4 ಲಕ್ಷ ಚದರ ಮೀಟರ್. ಸರಾಸರಿ ಆಳ ಒಂದು ಮೀಟರ್ ಎಂದುಕೊಂಡರೆ ಅಷ್ಟೇ ಘನ ಮೀಟರ್ ನೀರು. ಇಲ್ಲಿಂದ ಮುಂದೆ ವಿದ್ಯಾರ್ಥಿಗಳು ಲೀಟರು, ಮಿಲಿಗ್ರಾಂ ಎಂದು ಸೊನ್ನೆ ಎಣಿಸುತ್ತ ಬೆವರುತ್ತಾರೆ. ಬೇಕಾಗಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಘನ ಮೀಟರಿಗೆ ಒಂದು ಗ್ರಾಂ. ಲೆಕ್ಕಕ್ಕೆಂದು ಲೀಟರಿಗೆ 2 ಮಿಲಿಗ್ರಾಂ ಫಾಸ್ಫೇಟ್ ಹಿಡಿಯೋಣ: ಒಟ್ಟು 7,280 ಕಿಲೋ, ಐವತ್ತು ಕಿಲೋದ ಗೊಬ್ಬರ ಚೀಲದಲ್ಲಿ ತುಂಬಿದರೆ 145ಕ್ಕೂ ಹೆಚ್ಚು ಚೀಲ. ಮಿಲಿಗ್ರಾಂ ಕೇಳಿ ತಲೆಯಾಡಿಸಿದವರೂ ಈ ಚೀಲಗಳ ಮುಂದೆ ಬೆಚ್ಚುತ್ತಾರೆ.

ಆದರೆ ಆ ಒಂದು ಮೀಟರ್ ಆಳ ಎಲ್ಲಿಂದ ಬಂತು? ಅರ್ಧ ಮೀಟರ್ ಹೂಳು ತುಂಬಿದ್ದರೆ ಚೀಲಗಳೂ ಅರ್ಧ. ಅದೇ ಹೂಳಿನಲ್ಲಿ ಅಡಗಿ ಕುಳಿತ ರಂಜಕ (ಫಾಸ್ಫರಸ್) ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಮುಂದೊಂದು ದಿನ ಅದು ನೀರಿಗೆ ಸೇರಿಕೊಳ್ಳುತ್ತದೆ. ಏರಿಯ ಮೇಲೆ ನಿಂತು, ಹಗ್ಗ ಕಟ್ಟಿದ ಬಕೆಟ್ ಇಳಿಸಿ ತುಂಬಿದ ಒಂದು ಬಾಟಲಿ ನೀರು 900 ಎಕರೆಯ ಪರವಾಗಿ ಸಾಕ್ಷಿ ಹೇಳುತ್ತದೆ, ಪಾಪ! ಇನ್ನೊಂದು ಗುಂಡಿ ಹೆಸರಿನದು. ಲ್ಯಾಬ್ ಕೊಟ್ಟ ಅಂಕಿ ಫಾಸ್ಫೇಟಿನದೋ, ಬರಿಯ ರಂಜಕದ್ದೋ? ಒಂದಕ್ಕೊಂದು ಮೂರು ಪಟ್ಟು ವ್ಯತ್ಯಾಸ. ಮೇಲಿನ 7,280 ಕಿಲೋ ಫಾಸ್ಫೇಟಿನಲ್ಲಿ ರಂಜಕ ಇರುವುದು ಸುಮಾರು 2,400 ಕಿಲೋ ಮಾತ್ರ.

ಈ ಲೆಕ್ಕ ನಿಜವಾಗಿ ಗೆಲ್ಲುವುದು ಹರಿಯುವ ನೀರಿನಲ್ಲಿ, ಅಲ್ಲಿ ಮೀಟರ್ ಇಟ್ಟು ಅಳೆಯಬಹುದು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಒಯ್ಯುವ ಕೆ.ಸಿ. ವ್ಯಾಲಿ ಯೋಜನೆ 440 ಎಂಎಲ್‌ಡಿಯದು. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್, ಅದರಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಸರಿಯಾಗಿ ಒಂದು ಕಿಲೋ. ಪೂರ್ತಿ ನೀರು ಹರಿದರೆ, ಯಾವುದೇ ವಸ್ತು ಲೀಟರಿಗೆ ಒಂದೇ ಮಿಲಿಗ್ರಾಂ ಇದ್ದರೂ ದಿನಕ್ಕೆ 440 ಕಿಲೋ ಕೋಲಾರಕ್ಕೆ ಸೇರುತ್ತದೆ. ಇಷ್ಟನ್ನು ಬಾಯಿಲೆಕ್ಕದಲ್ಲೇ ಹೇಳಬಹುದು.

ನಿಂತ ಕೆರೆಯ ವಿಷಯದಲ್ಲಿ ಮಾತ್ರ, ಆಳ ಅಳೆದ ದಿನಾಂಕವನ್ನೂ ಬಾಟಲಿಗೆ ನೀರು ತುಂಬಿಕೊಂಡ ಜಾಗಗಳನ್ನೂ ಹೇಳದೆ ಕಿಲೋ ಹೇಳುವ ವರದಿಯನ್ನು ನಾನಂತೂ ನಂಬುವುದಿಲ್ಲ.