ಒಂದು ರೆಸಿಸ್ಟರಿನ ಜಾಣತನ

ಆರ್ಡುಯಿನೊ ಬೋರ್ಡನ್ನು ಸೀರಿಯಲ್ ಪೋರ್ಟಿಗೆ ನೇರವಾಗಿ ಸಿಕ್ಕಿಸುವ ಉಪಾಯಕ್ಕೆ ಹವ್ಯಾಸಿಗಳ ನಡುವೆ ಇರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ನಡುವೆ ಐಸಿ ಬೇಡ, 22 ಕಿಲೋ ಓಮಿನ ಒಂದು ರೆಸಿಸ್ಟರ್ ಸಾಕು ಅನ್ನುತ್ತಾರೆ. ಆರ್‌ಎಸ್-232 ಅನ್ನುವುದು ಆ ಪೋರ್ಟಿನ ವೋಲ್ಟೇಜ್ ನಿಯಮ.

ಇದನ್ನು ಬೈಯುವವರೂ ಸರಿಯಾದ ಜಾಗಕ್ಕೆ ಬೈಯುವುದಿಲ್ಲ. ‘ಚಿಪ್ ಸುಟ್ಟುಹೋಗುತ್ತೆ’ ಎಂಬುದೊಂದೇ ಅವರ ರಾಗ. ಲೆಕ್ಕ ಹಾಕಬಾರದೇ? ಪೋರ್ಟಿನಿಂದ ಬರುವ ಮೈನಸ್ 12 ವೋಲ್ಟ್ ಆ ರೆಸಿಸ್ಟರನ್ನು ದಾಟಿ ಪಿನ್ನಿನ ಒಳಗಿನ ಡಯೋಡಿಗೆ ಬಂದಾಗ ಹರಿಯುವುದು ಅರ್ಧ ಮಿಲಿಆಂಪಿನಷ್ಟು. ಆರ್ಡುಯಿನೊ ಯೂನೊ ಅದನ್ನು ತಾಳಿಕೊಳ್ಳುತ್ತದೆ. ರೆಸಿಸ್ಟರನ್ನೇ ಹಾಕದೆ ಬೋರ್ಡ್ ಸುಟ್ಟುಕೊಂಡವರ ಕತೆಯನ್ನು ಈ ಉಪಾಯದ ತಲೆಗೆ ಕಟ್ಟುವುದು ಅನ್ಯಾಯ.

ನನ್ನ ತಕರಾರು ಹೊರಹೋಗುವ ತಂತಿಯದು. ಆರ್‌ಎಸ್-232ರಲ್ಲಿ 1 ಅಂದರೆ ಮೈನಸ್, 0 ಅಂದರೆ ಪ್ಲಸ್, ಬೋರ್ಡಿನಲ್ಲಿ ತಲೆಕೆಳಗು. ಆರ್ಡುಯಿನೊ ಲೈಬ್ರರಿಯಾದ ಸಾಫ್ಟ್‌ವೇರ್‌ಸೀರಿಯಲ್‌ಗೆ ಮೂರನೆಯ ಆರ್ಗ್ಯುಮೆಂಟಾಗಿ ‘ಟ್ರೂ’ ಕೊಟ್ಟು ತಿರುಗಿಸಿಕೊಳ್ಳುತ್ತಾರೆ. ಸರಿ. ಈಗ ಬೋರ್ಡ್ 0 ಕಳಿಸಿದರೆ ತಂತಿಯಲ್ಲಿ 5 ವೋಲ್ಟ್. ನಿಯಮ ಕೇಳುವುದು 3, ಪಾಸು. 1 ಕಳಿಸಿದರೆ? ಸೊನ್ನೆ ವೋಲ್ಟ್. ನಿಯಮ ಕೇಳುವುದು ಮೈನಸ್ 3 ಅಥವಾ ಅದಕ್ಕೂ ಕೆಳಗೆ. ಸೊನ್ನೆ ಅತ್ತಲೂ ಸಲ್ಲದು, ಇತ್ತಲೂ ಸಲ್ಲದು. ಮಾತಿಲ್ಲದ ಹೊತ್ತಿನಲ್ಲೂ ತಂತಿ ಇರುವುದು ಇದೇ 1ರಲ್ಲಿ, ಅಂದರೆ ದಿನದ ಬಹುಪಾಲು.

ಆದರೂ ನಡೆಯುತ್ತದಲ್ಲ? ಮ್ಯಾಕ್ಸ್232ರಂಥ ರಿಸೀವರುಗಳು 0.8 ವೋಲ್ಟಿಗಿಂತ ಕೆಳಗಿರುವುದನ್ನೆಲ್ಲ ಮೈನಸ್ ಎಂದೇ ಓದುತ್ತವೆ, ಅದಕ್ಕೆ. ತಂತಿ ಕಳಚಿಬಿದ್ದರೂ ಅವುಗಳ ಪಾಲಿಗೆ ಅದು ಸುಮ್ಮನಿರುವ ತಂತಿ. ನಮ್ಮ ಜಾಣರು ಕಳಿಸುವ 1ಕ್ಕೂ ಕಳಚಿದ ತಂತಿಗೂ ಆ ರಿಸೀವರ್ ಭೇದ ಕಾಣದು. ಸೊನ್ನೆಗೂ ಆ ಗಡಿಗೂ ನಡುವೆ ಉಳಿದದ್ದು ಮುಕ್ಕಾಲು ವೋಲ್ಟಿನಷ್ಟು ಅಂತರ. ಉದ್ದ ಕೇಬಲ್ಲಿನ ಎರಡು ತುದಿಯ ಗ್ರೌಂಡ್ ಸ್ವಲ್ಪ ಹೆಚ್ಚುಕಡಿಮೆಯಾದರೆ ಅದೂ ಇಲ್ಲ.

‘ನನ್ನ ಹತ್ರ ನಡೀತು’ ಎಂಬ ಪಂಥದವರಿಗೆ ಇದು ರುಚಿಸದು. ನನ್ನ ಹತ್ತಿರವೂ ನಡೆದಿತ್ತು, ಹಳೆಯ ಪಿಸಿಯ ಜೊತೆ, 9600ರಲ್ಲಿ, ಒಂದಕ್ಷರ ತಪ್ಪದೆ. ಅದೇ ತಂತಿಯನ್ನು ಒಂದು ತೂಕದ ಯಂತ್ರಕ್ಕೆ ಹಾಕಿದೆ. ಅದು ತೂಕ ಹೇಳುತ್ತಿತ್ತು, ನಾನು ಕಳಿಸಿದ ಆಜ್ಞೆಗೆ ಮಾತ್ರ ಕಿವುಡು. ಒಂದು ಸಂಜೆಯೆಲ್ಲ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ನಡುವೆ ನಿಜವಾದ ಮೈನಸ್ ಕಳಿಸುವ ಮ್ಯಾಕ್ಸ್3232 ಐಸಿ ಹಾಕಿದ ಮೇಲೆ ಮೊದಲ ಸಲಕ್ಕೇ ಉತ್ತರ ಬಂತು.

ಕಲಿಯುವವರಿಗೆ ಇದೊಂದು ಒಳ್ಳೆಯ ಪಾಠ, ಒಪ್ಪಿದೆ. ಪಾಠವನ್ನೇ ಕಾಯಂ ಸರ್ಕ್ಯೂಟ್ ಮಾಡಿಕೊಳ್ಳುವ ಚಾಳಿ ಒಪ್ಪತಕ್ಕದ್ದಲ್ಲ. ರಾಸ್ಪ್‌ಬೆರಿ ಪೈಗಂತೂ ಈ ಉಪಾಯ ಬೇಡವೇ ಬೇಡ: ಅದರ ಪಿನ್ನಿಗೆ 3.3 ವೋಲ್ಟೇ ಮಿತಿ.

ಮ್ಯಾಕ್ಸ್3232 ಇರುವ ಪುಟ್ಟ ಬೋರ್ಡ್ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಪೈಗೆ ಜೋಡಿಸುವುದಾದರೆ ಆ ಬೋರ್ಡಿಗೆ 3.3 ವೋಲ್ಟನ್ನೇ ಕೊಡಿ, 5 ಬೇಡ.