ಹೋಗದ ದೇಗುಲ

2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿಶಾಲೆಗಳಲ್ಲಿ ಬಾಗಿಲ ಮೇಲಿನ ಬರಹ ಬದಲಾಯಿತು. ಜ್ಞಾನದ ದೇಗುಲಕ್ಕೆ ಕೈಮುಗಿದು ಬಾ ಅನ್ನುತ್ತಿದ್ದದ್ದು ಹೋಗಿ, ಜ್ಞಾನದ ದೇಗುಲದಲ್ಲಿ ಧೈರ್ಯವಾಗಿ ಪ್ರಶ್ನಿಸಿ ಅಂತಾಯಿತು. ಸದನದಲ್ಲೂ ಗದ್ದಲ, ಪತ್ರಿಕೆಗಳಲ್ಲೂ ಗದ್ದಲ. ಕುವೆಂಪುಗೆ ಅವಮಾನವಾಯಿತು ಅಂದವರೂ ಇದ್ದರು. ಪುರೋಹಿತಶಾಹಿಯನ್ನು ಕುವೆಂಪು ಹೇಗೆ ಜಾಡಿಸಿದ್ದರು ಅನ್ನೋದು ಮಾತ್ರ ಅವರಿಗೆ ನೆನಪಾಗಲಿಲ್ಲ.

ಗೆಳೆಯರೆ, ಜಗಳವೆಲ್ಲ ನಡೆದದ್ದು ಕ್ರಿಯಾಪದದ ಮೇಲೆ. ನಾಮಪದವನ್ನು ಯಾರೂ ಮುಟ್ಟಲಿಲ್ಲ. ಕೈಮುಗಿಯೋದು ಹೋಯಿತು, ದೇಗುಲ ಹಂಗೇ ಉಳೀತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕೇರಿಯ ಮಗುವಿಗೆ ದೇಗುಲ ಅಂದರೆ ಏನು? ಹೊರಗೆ ನಿಂತು ಇಣುಕುವ ಜಾಗ. ಹಣ್ಣುಕಾಯಿ ಬೇರೆಯವರ ಕೈಲಿ ಕೊಟ್ಟು ಕಳಿಸುವ ಜಾಗ. ಜಾತ್ರೇಲಿ ತಮಟೆ ಬಡಿಯೋನು ಅಪ್ಪ, ಒಳಕ್ಕೆ ಹೋಗೋನು ಇನ್ಯಾರೋ. ಆ ಮಗು ಇಸ್ಕೂಲಿನ ಹೊಸ್ತಿಲು ದಾಟಿದ್ದು ಅದು ಗುಡಿ ಅಂತಲ್ಲ, ಗುಡಿ ಅಲ್ಲ ಅಂತ. ಶಾಲೆಯೂ ಗುಡಿಯಂತೆ ನಡೆದುಕೊಂಡರೆ ಏನಾಗುತ್ತದೆ ಅನ್ನೋದನ್ನು ಸತಾರೆಯ ಶಾಲೆಯಲ್ಲಿ ಮೂಲೆಯ ಗೋಣಿತಾಟಿನ ಮೇಲೆ ಕೂತಿದ್ದ ಬಾಲಕ ಅಂಬೇಡ್ಕರ್ ಕಂಡಿದ್ದರು. ನಲ್ಲಿ ತಿರುವಲು ಜವಾನ ಬಾರದ ದಿನ ಅವರಿಗೆ ನೀರೂ ಇರಲಿಲ್ಲ.

ಅವರ ಮುಂದಾಳತ್ವದಲ್ಲಿ ಕರಡಾದ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ. ಅನುದಾನಿತ ಶಾಲೆಯಲ್ಲೂ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಪ್ರಾರ್ಥನೆಗೆ ನಿಲ್ಲಿಸುವಂತಿಲ್ಲ. ನಮ್ಮ ಜಿಲ್ಲೆಯ ಮಠಗಳು ಶಾಲೆ, ಹಾಸ್ಟೆಲ್ಲು ಕಟ್ಟಿ ಹಳ್ಳಿ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವು, ಸುಳ್ಳಲ್ಲ. ಆದರೆ ಆ ಒಪ್ಪಿಗೆ ಕೇಳಿದ ಮೇಷ್ಟ್ರು ಎಷ್ಟು ಜನ? ವಚನ ಹಾಡಿಸ್ತೀವಿ, ಅದರಲ್ಲೇನು ತಪ್ಪು ಅನ್ನುತ್ತಾರೆ. ಗುಡಿಯನ್ನೇ ಪ್ರಶ್ನಿಸಿದ ವಚನವನ್ನು ಕಣ್ಣು ಮುಚ್ಚಿಸಿ ಒಪ್ಪಿಸಿಕೊಂಡರೆ ಅದೂ ಮಂತ್ರವೇ. 2023ರಲ್ಲಿ ಸಂವಿಧಾನದ ಪೀಠಿಕೆಯನ್ನು ದಿನಾ ಓದಿಸಲು ಸರ್ಕಾರ ತೀರ್ಮಾನಿಸಿತು. ಸಂತೋಷ. ಅದಕ್ಕೂ ಈ ಗತಿ ಬಾರದಂತೆ ನೋಡಿಕೊಳ್ಳಬೇಕಾದವರು ಮೇಷ್ಟ್ರುಗಳೇ. ‘ಸಮಾನತೆ’ ಅಂದಾಗ ಒಬ್ಬ ಹುಡುಗ ಕೈ ಎತ್ತಿ, ‘ಸಾ, ಹಂಗಾದ್ರೆ ನಮ್ಮೂರಲ್ಲಿ?’ ಅಂದರೆ ಅವನನ್ನು ಗದರಿಸಬಾರದು.

ಬರಹ ಬದಲಾಗುವ ಎರಡು ತಿಂಗಳ ಮುಂಚೆ, 2023ರ ಡಿಸೆಂಬರಿನಲ್ಲಿ, ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಗಿತ್ತು. ಗರ್ಭಗುಡಿ ಯಾರದು, ಗುಂಡಿ ಯಾರದು ಅಂತ ಆ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಮತ್ತೆ ಬಣ್ಣ ಹಚ್ಚುವುದಾದರೆ ಇಲಾಖೆಯವರು ‘ಶಾಲೆ’ ಅಂತಷ್ಟೇ ಬರೆಸಲಿ. ಎರಡೇ ಅಕ್ಷರ, ಖರ್ಚೂ ಕಮ್ಮಿ.